ಕಾಳಿನಿಂದ ರಕ್ತದವರೆಗೆ: ಆಹಾರ ವಿಜ್ಞಾನದ ಡಾಕ್ಟರೇಟ್ ಕೇಳುವುದೇನು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಕಮಲಾ ಭಾಗವತ್ ಅರ್ಜಿ ಹಾಕಿದಾಗ ಅಂಕಗಳಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಮೊದಲು ಒಪ್ಪಲಿಲ್ಲ. ಕಮಲಾ ಪಟ್ಟು ಬಿಡದಿದ್ದಾಗ ಷರತ್ತು ಹಾಕಿ ಸೇರಿಸಿಕೊಂಡರು. ಅಲ್ಲಿ ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ ಅವರು ಕೇಂಬ್ರಿಜ್‌ಗೆ ಹೋದರು. ಆಲೂಗಡ್ಡೆಯಿಂದ ಶುರುಮಾಡಿ ಸಸ್ಯಗಳಲ್ಲಿ ಸೈಟೊಕ್ರೋಮ್ ಸಿ ಇರುವುದನ್ನು ತೋರಿಸಿ 1939ರಲ್ಲಿ ಪಿಎಚ್‌.ಡಿ. ಪಡೆದರು. ಆ ಪ್ರಬಂಧ ಸುಮಾರು 40 ಪುಟದ್ದು ಎಂಬುದು ಪ್ರಸಿದ್ಧ. ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಲ್ಲಿ ಅವರು ಮುಂಬಯಿಯಲ್ಲಿ ನೀರಾದ ಪೌಷ್ಟಿಕತೆಯ ಮೇಲೆ ನಡೆಸಿದ ಸಂಶೋಧನೆ ಬಡವರ ಊಟದ ಪ್ರಶ್ನೆಯಾಗಿತ್ತು.

ಇಂದು ಆಹಾರ ವಿಜ್ಞಾನ ಮತ್ತು ಪೋಷಣೆಯಲ್ಲಿ ಸಲ್ಲಿಕೆಯಾಗುವ ಅನೇಕ ಪ್ರಬಂಧಗಳಲ್ಲಿ ಸಾಹಿತ್ಯ ಸಮೀಕ್ಷೆಯ ಅಧ್ಯಾಯವೇ 40 ಪುಟ ದಾಟುತ್ತದೆ. ಪುಟಗಳ ಜೊತೆಗೆ ಷರತ್ತುಗಳೂ ಬೆಳೆದಿವೆ: ಪ್ರವೇಶ ಪರೀಕ್ಷೆ, ಕ್ರೆಡಿಟ್, ಸಲಹಾ ಸಮಿತಿ, ನೈತಿಕ ಸಮಿತಿ, ಕೃತಿಚೌರ್ಯದ ತಪಾಸಣೆ. ಇವುಗಳಲ್ಲಿ ಹೆಚ್ಚಿನವು ಇತಿಹಾಸದ ವಿದ್ಯಾರ್ಥಿಗೂ ರಾಗಿಯ ವಿದ್ಯಾರ್ಥಿಗೂ ಒಂದೇ. ಆದರೆ ಈ ವಿಷಯ ತನ್ನದೇ ಆದ ಬೇರೆ ಷರತ್ತುಗಳನ್ನೂ ಹಾಕುತ್ತದೆ. ಅವು ಯಾವ ಅಧಿಸೂಚನೆಯಲ್ಲೂ ಒಂದೇ ಕಡೆ ಸಿಗುವುದಿಲ್ಲ. ಸಂಶೋಧನಾರ್ಥಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲೇ. ಎರಡನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಪ್ರವೇಶದ ಬಾಗಿಲು

ದೇಶದ ವಿಶ್ವವಿದ್ಯಾಲಯಗಳಿಗೆ ಈಗ ಆಧಾರವಾಗಿರುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಇರಬೇಕು. ನಾಲ್ಕು ವರ್ಷದ ಪದವಿ ಮುಗಿಸಿ ನೇರವಾಗಿ ಬರುವವರಿಗೆ ಶೇ 75 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ ಶೇ 5ರ ರಿಯಾಯಿತಿ ಇದೆ. ಎಂ.ಫಿಲ್. ಎಂಬ ಮಧ್ಯದ ಮೆಟ್ಟಿಲನ್ನು ಇದೇ ನಿಯಮಾವಳಿ ತೆಗೆದುಹಾಕಿತು.

ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸಿದರೆ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಇನ್ನರ್ಧ ವಿಷಯದ ಮೇಲೆ ಇರುತ್ತವೆ. ಲಿಖಿತ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. 2024ರಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ (ನೆಟ್) ಅಂಕವನ್ನೇ ಪ್ರವೇಶಕ್ಕೆ ಬಳಸಿಕೊಳ್ಳಲೂ ಅವಕಾಶವಿದೆ.

ಈ ವಿಷಯದವರಿಗೆ ಒಂದು ವಿಚಿತ್ರ ತೊಡಕು ಎದುರಾಗುವುದು ನೆಟ್‌ನಲ್ಲೇ. ಯುಜಿಸಿ ನೆಟ್ ಬರೆಯುವ ಆಹಾರ ಮತ್ತು ಪೋಷಣೆಯ ವಿದ್ಯಾರ್ಥಿ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಗೃಹವಿಜ್ಞಾನದ ಪತ್ರಿಕೆಯನ್ನು. ಅದರಲ್ಲಿ ಆಹಾರ ವಿಜ್ಞಾನ, ಪಥ್ಯಶಾಸ್ತ್ರಗಳ ಜೊತೆ ಜವಳಿ, ಉಡುಪು ವಿನ್ಯಾಸ, ಒಳಾಂಗಣ, ಮಕ್ಕಳ ಬೆಳವಣಿಗೆ, ವಿಸ್ತರಣಾ ಶಿಕ್ಷಣ ಎಲ್ಲವೂ ಇವೆ. ಬೇಡವೆಂದರೆ ಸಿಎಸ್‌ಐಆರ್‌ನ ಜೀವವಿಜ್ಞಾನ ಪತ್ರಿಕೆ ಇದೆ. ಅದರ ಭಾರವೆಲ್ಲ ಜೀವಕೋಶ, ತಳಿವಿಜ್ಞಾನ, ಅಣುಜೀವಶಾಸ್ತ್ರದ ಕಡೆಗೆ. ಆಹಾರ ತಂತ್ರಜ್ಞಾನ ಓದಿದವರಿಗೆ ಗೇಟ್‌ನಲ್ಲಿ ಪ್ರತ್ಯೇಕ ವಿಭಾಗವುಂಟು. ಅಂದರೆ ಹಿಟ್ಟಿನ ಜಿಗುಟುತನದ ಬಗ್ಗೆ ಸಂಶೋಧನೆ ಮಾಡಬೇಕೆಂದಿರುವವರು ನೂಲಿನ ಎಣಿಕೆಯ ಲೆಕ್ಕ ಕಲಿತು ಫೆಲೋಶಿಪ್ ಗೆಲ್ಲಬೇಕಾಗಬಹುದು. ಯಾವ ಪರೀಕ್ಷೆ ಬರೆಯಬೇಕೆಂಬುದನ್ನು ಎಂ.ಎಸ್ಸಿ. ಮೊದಲ ವರ್ಷದಲ್ಲೇ ತೀರ್ಮಾನಿಸಿಕೊಳ್ಳುವುದು ಜಾಣತನ.

ಸಂಸ್ಥೆ ಬೇರೆ, ಪದ್ಧತಿ ಬೇರೆ

ಕರ್ನಾಟಕದಲ್ಲಿ ಈ ಪದವಿಗೆ ಮೂರು ಬಗೆಯ ದಾರಿಗಳಿವೆ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಂಥ ಸಾಮಾನ್ಯ ವಿಶ್ವವಿದ್ಯಾಲಯದ ವಿಭಾಗಗಳದ್ದು ಮೊದಲನೆಯದು. ಇಲ್ಲಿ ಯುಜಿಸಿ ಹೇಳಿದಂತೆ ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಸಂಶೋಧನಾ ವಿಧಾನ ಮತ್ತು ಸಂಶೋಧನೆ–ಪ್ರಕಟಣೆಯ ನೀತಿ ಕಡ್ಡಾಯ. ಉಳಿದದ್ದು ವಿಷಯಕ್ಕೆ ಸಂಬಂಧಿಸಿದ್ದು. ಅದರಲ್ಲಿ ಶೇ 55 ಬಂದರೆ ಮಾತ್ರ ಮುಂದಿನ ಹೆಜ್ಜೆ.

ಎರಡನೆಯದು ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳ ದಾರಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಚೌಕಟ್ಟಿನಲ್ಲಿ ನಡೆಯುವ ಇಲ್ಲಿ ಒಟ್ಟು 100 ಕ್ರೆಡಿಟ್. ಅದರಲ್ಲಿ 75 ಸಂಶೋಧನೆಯದು. ಮುಖ್ಯ ವಿಷಯದ ಜೊತೆ ಇನ್ನೊಂದು ಉಪವಿಷಯವನ್ನೂ ಕಲಿಯಬೇಕು. ತಳಿ ಬೆಳೆಸುವವರು, ಮಣ್ಣಿನವರು, ವಿಸ್ತರಣಾ ವಿಭಾಗದವರು ಒಂದೇ ಆವರಣದಲ್ಲಿರುವುದರಿಂದ ಧಾನ್ಯದ ಮೂಲ ಹುಡುಕಿಕೊಂಡು ಅಲೆಯಬೇಕಿಲ್ಲ.

ಮೂರನೆಯದು ರಾಷ್ಟ್ರೀಯ ಪ್ರಯೋಗಾಲಯಗಳ ದಾರಿ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಮತ್ತು 1961ರಲ್ಲಿ ಸೈನಿಕರ ಆಹಾರಕ್ಕಾಗಿ ಅದೇ ಊರಿನಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ಈ ಕ್ಷೇತ್ರದ ದೊಡ್ಡ ಹೆಸರುಗಳು. ಹಿಂದೆ ಸಿಎಫ್‌ಟಿಆರ್‌ಐ ಸಂಶೋಧನಾರ್ಥಿಗಳು ಮೈಸೂರು ವಿಶ್ವವಿದ್ಯಾಲಯದಲ್ಲಿ ನೋಂದಾಯಿಸಿಕೊಳ್ಳುತ್ತಿದ್ದರು. ಈಗ ಅದರ ಮಾತೃಸಂಸ್ಥೆ ಸಿಎಸ್‌ಐಆರ್‌ನದೇ ಆದ ಎಸಿಎಸ್‌ಐಆರ್ ಅಕಾಡೆಮಿ ಪದವಿ ಕೊಡುತ್ತದೆ. ಅದರ ಕೋರ್ಸ್‌ವರ್ಕ್‌ನಲ್ಲಿ ಗ್ರಾಮೀಣ ಬದುಕಿನ ಒಂದು ಸಮಸ್ಯೆಯನ್ನು ಹಿಡಿದು ಕೆಲಸ ಮಾಡುವ ಯೋಜನೆಯನ್ನೂ ಸೇರಿಸಲಾಗಿದೆ. ಪೋಷಣೆಯ ಕಡೆಗೆ ಒಲವಿರುವವರು 1918ರಲ್ಲಿ ಕೂನೂರಿನಲ್ಲಿ ಮೊಳೆತು ಈಗ ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯತ್ತ ನೋಡುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸ್ಥಿರ ಐಸೊಟೋಪ್ ಬಳಸಿ ಮನುಷ್ಯರ ಪೋಷಣೆಯನ್ನು ಅಳೆಯುವುದಕ್ಕೆ ಹೆಸರಾಗಿದೆ.

ಹೆಸರು ಕೇಳಿ ಸಂಸ್ಥೆಯನ್ನು ಆರಿಸುವವರೇ ಹೆಚ್ಚು. ಆರಿಸಬೇಕಾದದ್ದು ಪ್ರಶ್ನೆಗೆ ತಕ್ಕಂತೆ. ಏಕೆ ಎಂಬುದಕ್ಕೆ ನಮ್ಮ ರಾಗಿಯನ್ನೇ ತೆಗೆದುಕೊಳ್ಳೋಣ.

ಒಂದು ಪ್ರಶ್ನೆ, ಐದು ಮೆಟ್ಟಿಲು

ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ, 528 ಆಹಾರಗಳ ವಿಶ್ಲೇಷಣೆಯಿರುವ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದು ಅದರ ಮೂರನೇ ಒಂದು ಪಾಲು. ಹಾಗಾದರೆ ಮುದ್ದೆ ತಿಂದವರ ಮೂಳೆಗೆ ಹಾಲು ಕುಡಿದವರ ಮೂರರಷ್ಟು ಕ್ಯಾಲ್ಸಿಯಂ ಸಿಕ್ಕಿತೇ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದವರು ಐದು ಮೆಟ್ಟಿಲು ಹತ್ತಬೇಕು.

ಮೊದಲನೆಯದು ಕಾಳು. ‘ರಾಗಿ ಅಂಗಡಿಯಿಂದ ತಂದೆವು’ ಎಂದು ಪ್ರಬಂಧದಲ್ಲಿ ಬರೆಯುವಂತಿಲ್ಲ. ಜಿಪಿಯು–28 ತಳಿಯೋ, ಇಂಡಾಫ್ ಸಾಲಿನದೋ, ಯಾವ ಊರಿನ ಯಾವ ಹಂಗಾಮಿನ ಬೆಳೆ ಎಂಬುದು ದಾಖಲಾಗಬೇಕು. ತಳಿ ಬದಲಾದರೆ ಖನಿಜಾಂಶವೂ ಬದಲಾಗುತ್ತದೆ. ಆಮೇಲೆ ತೇವಾಂಶ, ಪ್ರೋಟೀನ್, ಕೊಬ್ಬು, ಬೂದಿ, ನಾರಿನ ಅಳತೆ. ಇಲ್ಲಿ ಯಂತ್ರ ಕೊಟ್ಟ ಅಂಕಿಯನ್ನು ನಂಬಿದರೆ ಸಾಲದು. ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನ ಅಳೆಯುವುದು ಸಾರಜನಕವನ್ನು. ಪ್ರೋಟೀನಿನಲ್ಲಿ ಶೇ 16 ಸಾರಜನಕವಿದೆ ಎಂದು ಹಿಡಿದು 6.25ರಿಂದ ಗುಣಿಸುತ್ತೇವೆ. ಹಾಲಿಗೆ 6.38, ಅಕ್ಕಿಗೆ 5.95. ಈ ಗುಣಕ ಎಲ್ಲಿಂದ ಬಂತೆಂದು ತಿಳಿಯದವರಿಗೆ, 2008ರಲ್ಲಿ ಚೀನಾದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಬೆರೆಸಿದವರು ಪರೀಕ್ಷೆಯನ್ನು ಹೇಗೆ ದಾಟಿದರೆಂಬುದೂ ಅರ್ಥವಾಗದು. ವೈವಾದಲ್ಲಿ ಪರೀಕ್ಷಕರು ಮೊದಲು ಕೈಹಾಕುವುದು ಇಂಥ ಬುಡದ ಪ್ರಶ್ನೆಗಳಿಗೇ.

ಎರಡನೆಯದು ಅಡುಗೆ. ರಾಗಿಯಲ್ಲಿರುವ ಫೈಟೇಟ್, ಟ್ಯಾನಿನ್, ಆಕ್ಸಲೇಟ್‌ಗಳು ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿಸಿದರೆ ಫೈಟೇಸ್ ಕಿಣ್ವ ಚುರುಕಾಗಿ ಫೈಟೇಟ್ ಕಡಿಮೆಯಾಗುತ್ತದೆ. ಹುರಿಹಿಟ್ಟಿಗೆ ಅರಳಿಸುವುದು, ಅಂಬಲಿಗೆ ಹುಳಿ ಬರಿಸುವುದು, ಮುದ್ದೆಗೆ ಬೇಯಿಸುವುದು ಒಂದೊಂದೂ ಬೇರೆ ಬೇರೆ ಪರಿಣಾಮ ತರುತ್ತವೆ. ನಮ್ಮ ಅಜ್ಜಿಯರು ಕೈ ಅಳತೆಯಲ್ಲಿ ಮಾಡಿದ್ದನ್ನು ಇಲ್ಲಿ ಉಷ್ಣತೆ, ಗಂಟೆ, ನೀರಿನ ಪ್ರಮಾಣವಾಗಿ ಬರೆಯಬೇಕು, ಬೇರೆಯವರು ಮಾಡಿದರೂ ಅದೇ ಫಲಿತಾಂಶ ಬರಬೇಕು. ಮಾಡಿದ್ದನ್ನು ಜನ ತಿನ್ನುತ್ತಾರೆಯೇ ಎಂದು ತಿಳಿಯಲು ಒಂಬತ್ತು ಅಂಕದ ರುಚಿ ಮಾಪನವಿದೆ. ಎಷ್ಟು ದಿನ ಕೆಡದೆ ಉಳಿಯುತ್ತದೆಂದು ತಿಳಿಯಲು ಬೇರೆ ಬೇರೆ ಉಷ್ಣತೆ ಮತ್ತು ಆರ್ದ್ರತೆಯಲ್ಲಿ ತಿಂಗಳುಗಟ್ಟಲೆ ಇಟ್ಟು ನೋಡಬೇಕು.

ಮೂರನೆಯದು ಗಾಜಿನ ಕೊಳವೆಯೊಳಗಿನ ಜೀರ್ಣಕ್ರಿಯೆ. ಬಾಯಿ, ಜಠರ, ಸಣ್ಣಕರುಳಿನ ಹಂತಗಳನ್ನು ಕಿಣ್ವಗಳಿಂದ ಅನುಕರಿಸುವ ‘ಇನ್ಫೊಜೆಸ್ಟ್’ ವಿಧಾನಕ್ಕೆ 2014ರಲ್ಲಿ ಅಂತರರಾಷ್ಟ್ರೀಯ ಒಮ್ಮತ ಸಿಕ್ಕಿತು, 2019ರಲ್ಲಿ ಪರಿಷ್ಕರಣೆಯಾಯಿತು. ಎಷ್ಟು ಕ್ಯಾಲ್ಸಿಯಂ ಬಿಡುಗಡೆಯಾಯಿತೆಂದು ಇದು ಹೇಳುತ್ತದೆ. ದೇಹ ಎಷ್ಟು ಹೀರಿಕೊಂಡಿತೆಂದು ಹೇಳುವುದಿಲ್ಲ.

ನಾಲ್ಕನೆಯದು ಇಲಿ. 1993ರಲ್ಲಿ ರೂಢಿಗೆ ಬಂದ ಎಐಎನ್–93 ಎಂಬ ಪ್ರಮಾಣಿತ ಮೇವಿನಲ್ಲಿ ರಾಗಿಯನ್ನು ಸೇರಿಸಿ ಮೂಳೆಯ ಖನಿಜವನ್ನು ಅಳೆಯಬಹುದು. ಐದನೆಯದು ಮನುಷ್ಯ. ಐಸೊಟೋಪ್ ಗುರುತಿರುವ ಕ್ಯಾಲ್ಸಿಯಂ ಕೊಟ್ಟು ರಕ್ತ, ಮೂತ್ರದಲ್ಲಿ ಅದರ ಜಾಡು ಹಿಡಿದಾಗ ಮೊದಲ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ.

ಐದೂ ಮೆಟ್ಟಿಲನ್ನು ಒಬ್ಬರೇ ಹತ್ತಬೇಕೆಂದು ಯಾರೂ ಕೇಳುವುದಿಲ್ಲ. ತಾನು ಯಾವ ಮೆಟ್ಟಿಲಲ್ಲಿ ನಿಂತಿದ್ದೇನೆಂದು ಅರಿತು, ಅಲ್ಲಿಂದ ಕಾಣುವಷ್ಟನ್ನೇ ಹೇಳುವ ಶಿಸ್ತನ್ನು ಕೇಳುತ್ತಾರೆ. ಕೊಳವೆಯಲ್ಲಿ ಉತ್ಕರ್ಷಣ ತಡೆಯುವ ಗುಣ ಕಂಡೊಡನೆ ‘ಮಧುಮೇಹಕ್ಕೆ ರಾಮಬಾಣ’ ಎಂದು ಕೊನೆಯ ಅಧ್ಯಾಯದಲ್ಲಿ ಬರೆಯುವುದು ಈ ಕ್ಷೇತ್ರದ ಹಳೆಯ ಚಾಳಿ. ಸಿರಿಧಾನ್ಯಗಳ ಸುತ್ತ ಮಾರುಕಟ್ಟೆ ಬೆಳೆದಂತೆ, ಅದರಲ್ಲೂ 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ, ಆ ಚಾಳಿಗೆ ಬೆಲೆಯೂ ಸಿಗುತ್ತಿದೆ. ಡಾಕ್ಟರೇಟ್ ಪಡೆದವರು ಉಳಿದವರಿಗಿಂತ ಬೇರೆಯಾಗಬೇಕಾದದ್ದು ಇಲ್ಲೇ.

ಒಪ್ಪಿಗೆಗಳ ಸಾಲು

ಮೆಟ್ಟಿಲು ಏರಿದಂತೆ ಬೇಕಾಗುವ ಅನುಮತಿಗಳೂ ಹೆಚ್ಚುತ್ತವೆ. ಇಲಿಯ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನೋಂದಾಯಿತ ಪ್ರಾಣಿಗೃಹವೂ ಇರಬೇಕು. ಎಷ್ಟು ಇಲಿ, ಏಕೆ ಅಷ್ಟೇ, ಪ್ರಾಣಿ ಇಲ್ಲದೆ ಈ ಪ್ರಶ್ನೆಗೆ ಉತ್ತರ ಸಿಗದೇ ಎಂಬುದಕ್ಕೆ ಲಿಖಿತ ಸಮರ್ಥನೆ ಕೊಡಬೇಕು.

ಮನುಷ್ಯರ ವಿಷಯದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಅನ್ವಯಿಸುತ್ತದೆ. ಸಮ್ಮತಿ ಪತ್ರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಒಂದು ಆಹಾರ ಕೊಟ್ಟು ಆರೋಗ್ಯದ ಮೇಲಿನ ಪರಿಣಾಮ ನೋಡುವ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಬೇಕು. ನಂತರ ಮಾಡಿಸುತ್ತೇನೆಂದರೆ ಒಳ್ಳೆಯ ಜರ್ನಲ್‌ಗಳು ಆ ಲೇಖನವನ್ನು ಮುಟ್ಟುವುದಿಲ್ಲ. ಮುದ್ದೆಯ ಗ್ಲೈಸೀಮಿಕ್ ಇಂಡೆಕ್ಸ್ ಅಳೆಯುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಪ್ರಮಾಣಿತ ವಿಧಾನದಂತೆ ಕನಿಷ್ಠ ಹತ್ತು ಮಂದಿ ಆರೋಗ್ಯವಂತರು ರಾತ್ರಿಯಿಡೀ ಉಪವಾಸವಿದ್ದು ಬರಬೇಕು, ಜೀರ್ಣವಾಗುವ ಕಾರ್ಬೊಹೈಡ್ರೇಟ್ 50 ಗ್ರಾಂ ಇರುವಷ್ಟು ಮುದ್ದೆ ತಿನ್ನಬೇಕು, ಎರಡು ಗಂಟೆಯವರೆಗೆ ನಿಗದಿತ ಅಂತರದಲ್ಲಿ ರಕ್ತ ಕೊಡಬೇಕು. ಹೋಲಿಕೆಗಾಗಿ ಗ್ಲೂಕೋಸ್ ಕುಡಿದು ಇದನ್ನೆಲ್ಲ ಬೇರೆ ದಿನಗಳಲ್ಲಿ ಮತ್ತೆ ಮಾಡಬೇಕು. ಅಂಗನವಾಡಿ ಮಕ್ಕಳ ತೂಕ–ಎತ್ತರ ಅಳೆಯಲು ಹೊರಟವರು ಇಲಾಖೆಯ ಅನುಮತಿ ಪತ್ರವಿಲ್ಲದೆ ಒಳಗೆ ಕಾಲಿಡುವಂತಿಲ್ಲ. ತಂದೆತಾಯಿಯ ಒಪ್ಪಿಗೆ ಬೇರೆ.

ಇಷ್ಟಾದ ಮೇಲೆ ಸಂಖ್ಯಾಶಾಸ್ತ್ರ. ಎಷ್ಟು ಜನರ ಮೇಲೆ ಅಧ್ಯಯನ ನಡೆಸಬೇಕೆಂಬ ಲೆಕ್ಕ ಸಿನಾಪ್ಸಿಸ್ ಬರೆಯುವಾಗಲೇ ಆಗಬೇಕು. ಮಾಹಿತಿ ಕೈಗೆ ಬಂದ ಮೇಲೆ ಸಂಖ್ಯಾಶಾಸ್ತ್ರಜ್ಞರ ಬಾಗಿಲು ತಟ್ಟಿದರೆ ಅವರು ಮಾಡಬಹುದಾದದ್ದು ಹೆಚ್ಚೇನಿಲ್ಲ.

ಕಾಲ, ಕಾಸು, ಗೈಡ್

ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಎಂಟರವರೆಗೆ ಹೋಗಬಹುದು. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಹತ್ತರವರೆಗೆ ಅವಕಾಶ; ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳ ರಜೆ ಇದೆ. ಗೃಹವಿಜ್ಞಾನದ ಬೇರಿನಿಂದ ಬೆಳೆದ ಈ ವಿಷಯದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದಾದ್ದರಿಂದ ಈ ಕಲಮು ಇಲ್ಲಿ ನಿಜವಾಗಿ ಬಳಕೆಯಾಗುತ್ತದೆ.

ಆದರೆ ರಾಗಿಗೆ ಸೆಮಿಸ್ಟರ್ ಗೊತ್ತಿಲ್ಲ. ಮುಂಗಾರಿನ ಬೆಳೆ ಕೊಯ್ಲಿಗೆ ಬರುವುದು ವರ್ಷದ ಕೊನೆಗೆ. ಕೋರ್ಸ್‌ವರ್ಕ್ ಮುಗಿಸಿ, ವಿಷಯ ಅಂತಿಮಗೊಳಿಸಿ, ನೈತಿಕ ಸಮಿತಿಯ ಸಭೆಗೆ ಕಾಯುವಷ್ಟರಲ್ಲಿ ಒಂದು ಹಂಗಾಮು ಕೈತಪ್ಪಿರುತ್ತದೆ. ಎರಡು ವರ್ಷದ ಬೆಳೆಯನ್ನು ಹೋಲಿಸಬೇಕೆಂದರೆ ಮೂರು ವರ್ಷದಲ್ಲಿ ಮುಗಿಸುವ ಮಾತು ಕಷ್ಟ. ಆಹಾರ ಸಮೀಕ್ಷೆಗೂ ಋತುವಿನ ಕಟ್ಟಿದೆ. ಸುಗ್ಗಿಯಲ್ಲಿ ಕೇಳಿದ ‘ನಿನ್ನೆ ಏನು ಉಂಡಿರಿ’ ಎಂಬ ಪ್ರಶ್ನೆಗೂ ಆಷಾಢದಲ್ಲಿ ಕೇಳಿದ್ದಕ್ಕೂ ಬರುವ ಉತ್ತರ ಒಂದೇ ಅಲ್ಲ.

ಹಣದ ಮಾತು. ನೆಟ್‌ನಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಗೆದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಐಸಿಎಂಆರ್, ಡಿಎಸ್‌ಟಿಯ ಇನ್‌ಸ್ಪೈರ್‌ನಂಥ ಫೆಲೋಶಿಪ್‌ಗಳೂ ಇವೆ. ಇವು ಯಾವುವೂ ಇಲ್ಲದೆ ಸೇರಿದವರ ಪಾಡು ಬೇರೆ. ಸಾಹಿತ್ಯದ ಸಂಶೋಧನಾರ್ಥಿ ಗ್ರಂಥಾಲಯವನ್ನು ನಂಬಿ ದಿನ ದೂಡಬಹುದು. ಇಲ್ಲಿ ಒಂದು ಕಿಣ್ವದ ಸೀಸೆ, ಎಚ್‌ಪಿಎಲ್‌ಸಿಯ ಒಂದು ಕಾಲಂ, ಖನಿಜ ವಿಶ್ಲೇಷಣೆಗೆ ಹೊರಗಿನ ಪ್ರಯೋಗಾಲಯದ ಶುಲ್ಕ ಎಲ್ಲವೂ ಕಾಸು ಕೇಳುತ್ತವೆ. ಗೈಡ್ ಬಳಿ ಚಾಲ್ತಿಯಲ್ಲಿರುವ ಯೋಜನೆ ಇದೆಯೇ ಎಂದು ಸೇರುವ ಮುಂಚೆ ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಗೈಡ್ ಬಗ್ಗೆ ಇನ್ನೂ ಮೂರು ವಿಷಯ ತಿಳಿದಿರಬೇಕು. ಪ್ರಾಧ್ಯಾಪಕರು ಒಂದೇ ಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಹ–ಮಾರ್ಗದರ್ಶಕರನ್ನು ಹೊಂದಲು ಅವಕಾಶವಿದೆ. ಸಂಸ್ಕರಣೆ ಬಲ್ಲವರೊಬ್ಬರು, ವೈದ್ಯಕೀಯ ಕಾಲೇಜಿನವರೊಬ್ಬರು ಸೇರಿದರೆ ಕಾಳಿನಿಂದ ರಕ್ತದವರೆಗಿನ ದಾರಿ ಹತ್ತಿರವಾಗುತ್ತದೆ. ಕೆಲಸದಲ್ಲಿರುವವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ತಂದು ಅರೆಕಾಲಿಕವಾಗಿ ಸೇರಬಹುದು. ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್‌.ಡಿ.ಗೆ ಮಾತ್ರ ಮಾನ್ಯತೆ ಇಲ್ಲ. ಹಾಗೆಂದು ಜಾಹೀರಾತು ಕಂಡರೆ ದೂರವಿರುವುದು ಲೇಸು.

ಪ್ರಬಂಧ ಮತ್ತು ವೈವಾ

ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಿ, ಕೊನೆಗೆ ಪ್ರಿ–ಸಬ್‌ಮಿಷನ್ ಮಂಡನೆ ಮುಗಿಸಿ ಪ್ರಬಂಧ ಸಲ್ಲಿಸಬೇಕು. ಬೇರೆ ಬರಹಗಳೊಂದಿಗಿನ ಸಾಮ್ಯ ಶೇ 10ರೊಳಗಿದ್ದರೆ ತೊಂದರೆಯಿಲ್ಲ. ಶೇ 40ರವರೆಗೆ ತಿದ್ದಿ ಮರುಸಲ್ಲಿಕೆ, ಶೇ 60ರವರೆಗೆ ಒಂದು ವರ್ಷ ತಡೆ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು ಎನ್ನುತ್ತದೆ 2018ರ ನಿಯಮ. ಗೈಡ್ ಜೊತೆ ಹೊರಗಿನ ಇಬ್ಬರಾದರೂ ಪರೀಕ್ಷಕರು ಓದಬೇಕು. ಬಹಿರಂಗ ವೈವಾ ಸೇರಿ ಎಲ್ಲವೂ ಆರು ತಿಂಗಳಲ್ಲಿ ಮುಗಿಯಬೇಕೆಂಬುದು ನಿಯಮದ ಆಶಯ. ಒಪ್ಪಿತವಾದ ಪ್ರಬಂಧ ‘ಶೋಧಗಂಗಾ’ ಸೇರಿ ಎಲ್ಲರ ಕಣ್ಣಿಗೂ ಬೀಳುತ್ತದೆ.

ಸಲ್ಲಿಕೆಗೆ ಮುಂಚೆ ಲೇಖನ ಪ್ರಕಟವಾಗಿರಲೇಬೇಕೆಂಬ ಹಳೆಯ ಷರತ್ತನ್ನು 2022ರ ನಿಯಮಾವಳಿ ಕೈಬಿಟ್ಟಿತು. ಕಾಸು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳ ಹಾವಳಿ ನೋಡಿದರೆ ಈ ನಿರ್ಧಾರ ಅರ್ಥವಾಗುವಂಥದ್ದೇ. ಆದರೂ ಗೈಡ್ ಅಲ್ಲದ, ಪರಿಚಯವಿಲ್ಲದ ವಿಮರ್ಶಕರ ಕೈಯಲ್ಲಿ ಒಮ್ಮೆಯಾದರೂ ಹಾದು ಬಂದ ಫಲಿತಾಂಶಕ್ಕೆ ವೈವಾದಲ್ಲಿ ಧೈರ್ಯ ಬೇರೆ. ಹಲವು ಸಂಸ್ಥೆಗಳು ತಮ್ಮ ಒಳನಿಯಮದಲ್ಲಿ ಪ್ರಕಟಣೆಯನ್ನು ಉಳಿಸಿಕೊಂಡಿರುವುದು ಇದೇ ಕಾರಣಕ್ಕೆ.

ಹೊರದೇಶದ ದಾರಿ

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕೋರ್ಸ್‌ವರ್ಕ್ ಹೆಚ್ಚು. ಅದರ ನಂತರ ಬರುವ ಅರ್ಹತಾ ಪರೀಕ್ಷೆ ದಾಟದಿದ್ದರೆ ಮುಂದೆ ಹೋಗುವಂತಿಲ್ಲ. ಒಟ್ಟು ನಾಲ್ಕೈದು ವರ್ಷ, ಜೊತೆಗೆ ಬೋಧನಾ ಅಥವಾ ಸಂಶೋಧನಾ ಸಹಾಯಕರ ಸಂಬಳ. ನೆದರ್ಲೆಂಡ್ಸ್‌ನ ವಾಗೆನಿಂಗನ್‌ನಲ್ಲಿ ಸಾಮಾನ್ಯವಾಗಿ ಪಿಎಚ್‌.ಡಿ. ಎಂದರೆ ನಾಲ್ಕು ವರ್ಷದ ನೌಕರಿ; ಪ್ರಬಂಧದ ಜೊತೆ ಕೆಲವು ಪ್ರಮೇಯಗಳನ್ನೂ ಮುಂದಿಟ್ಟು ಸಭೆಯಲ್ಲಿ ಸಮರ್ಥಿಸಿಕೊಳ್ಳಬೇಕು. ಅಲ್ಲೆಲ್ಲ ಮುಖ್ಯವಾಗುವುದು ಅಂಕಪಟ್ಟಿಗಿಂತ ಗೈಡ್‌ಗೆ ಬರೆಯುವ ಮೊದಲ ಪತ್ರ ಮತ್ತು ಪ್ರಯೋಗಾಲಯದ ಅನುಭವ.

ಪದವಿ ಬಂದ ಮೇಲೆ

ಡಾಕ್ಟರೇಟ್ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬ ಸ್ಪಷ್ಟತೆ ಸೇರುವ ಮುಂಚೆಯೇ ಇರಲಿ. ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ 2023ರ ಜುಲೈನಿಂದ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಐಚ್ಛಿಕ. ಆಸ್ಪತ್ರೆಯಲ್ಲಿ ಪಥ್ಯ ತಜ್ಞರಾಗಲು ಬೇಕಾದ್ದು ಬೇರೆ ತರಬೇತಿ ಮತ್ತು ನೋಂದಣಿ. ಹೆಸರಿನ ಮುಂದೆ ‘ಡಾ.’ ಇದೆ ಎಂದು ರೋಗಿಗೆ ಪಥ್ಯ ಬರೆಯುವುದು ತರವಲ್ಲ. ಸಂಶೋಧನಾ ಸಂಸ್ಥೆ, ಉದ್ಯಮದ ಸಂಶೋಧನಾ ವಿಭಾಗ, ಪೋಷಣೆಯ ನೀತಿ ರೂಪಿಸುವ ಕಡೆಗಳಲ್ಲಿ ಈ ಪದವಿಗೆ ನಿಜವಾದ ತೂಕವಿದೆ.

ಒಟ್ಟಾರೆ ನೋಡಿದರೆ, ನಿಯಮಾವಳಿ ಕೇಳುವ ಅಂಕ, ಕ್ರೆಡಿಟ್, ಮಂಡನೆಗಳನ್ನು ಶ್ರಮಪಡುವ ಯಾರಾದರೂ ಪೂರೈಸಬಹುದು. ವಿಷಯ ಕೇಳುವುದನ್ನು ಪೂರೈಸಲು ವ್ಯವಸ್ಥೆಯ ನೆರವೂ ಬೇಕು. ಮೂರು ಬದಲಾವಣೆಗಳು ತಡವಿಲ್ಲದೆ ಆಗಬಹುದು. ನೆಟ್‌ನಲ್ಲಿ ಆಹಾರ ಮತ್ತು ಪೋಷಣೆಗೆ ಪ್ರತ್ಯೇಕ ಪತ್ರಿಕೆ ಬರಲಿ. ಸಣ್ಣ ವಿಭಾಗಗಳ ಸಂಶೋಧನಾರ್ಥಿಗಳಿಗೆ ರಾಷ್ಟ್ರೀಯ ಪ್ರಯೋಗಾಲಯಗಳ ಉಪಕರಣ ಮತ್ತು ಪ್ರಾಣಿಗೃಹಗಳು ನಿಗದಿತ ದರದಲ್ಲಿ, ಸರದಿಯಂತೆ ಸಿಗಲಿ. ನೈತಿಕ ಅನುಮತಿಯ ಅರ್ಜಿ ಬರೆಯುವುದನ್ನು ಕೋರ್ಸ್‌ವರ್ಕ್‌ನ ಭಾಗವಾಗಿಸಿದರೆ ಒಂದು ಹಂಗಾಮು ಉಳಿಯುತ್ತದೆ. ಸೇರಲು ಹೊರಟವರು ಇಂದೇ ಮಾಡಬಹುದಾದದ್ದೂ ಒಂದಿದೆ: ತಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು, ಉತ್ತರ ಯಾವ ಮೆಟ್ಟಿಲಲ್ಲಿ ಸಿಗುತ್ತದೆ, ಅದಕ್ಕೆ ಯಾರ ಒಪ್ಪಿಗೆ, ಯಾವ ಯಂತ್ರ, ಎಷ್ಟು ಹಂಗಾಮು ಬೇಕು ಎಂದು ಪಕ್ಕದಲ್ಲೇ ಪಟ್ಟಿ ಮಾಡುವುದು. ಆ ಪಟ್ಟಿಯನ್ನು ಹಿಡಿದು ಗೈಡ್ ಹುಡುಕಲು ಹೊರಟವರು ನಡುದಾರಿಯಲ್ಲಿ ವಿಷಯ ಬದಲಿಸಬೇಕಾದ ಪ್ರಸಂಗ ಕಡಿಮೆ.